ಹದಿನಾರು ಮನೆಗಳ ಲೆಕ್ಕ

ಕಳೆದ ಯುಗಾದಿಯ ಸಮಯದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹೆಸರು ಬೇಡ, ಅವನ ಜೊತೆಗೆ ಓದಿದವರಿಗೆ ಇದನ್ನು ಓದುತ್ತಿದ್ದಂತೆಯೇ ಅವನು ಯಾರೆಂಬುದು ಹೊಳೆದುಬಿಡುತ್ತದೆ. ಬೆಂಗಳೂರಿನಲ್ಲಿ ಚಲನಚಿತ್ರಗಳಿಗೂ ಜಾಹೀರಾತುಗಳಿಗೂ ಹಿನ್ನೆಲೆ ಸಂಗೀತವನ್ನು ಸಿದ್ಧಪಡಿಸುವುದು ಅವನ ವೃತ್ತಿ. ಹೋಳಿಗೆಯ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, ತನ್ನ ಲ್ಯಾಪ್‌ಟಾಪನ್ನು ತೆರೆದು ನನ್ನ ಮುಂದೆ ಇಟ್ಟ.

ಪರದೆಯ ಮೇಲೆ ಚೌಕಾಬಾರದ ಮನೆಗಳಂತೆ 16 ಚೌಕಗಳು ಒಂದೇ ಸಾಲಿನಲ್ಲಿದ್ದವು. ಸಣ್ಣ ಬೆಳಕೊಂದು ಎಡದಿಂದ ಬಲಕ್ಕೆ ಮನೆಯಿಂದ ಮನೆಗೆ ನಡೆಯುತ್ತಿತ್ತು. ಹದಿನಾರನೆಯ ಮನೆ ಮುಗಿದೊಡನೆ ಮತ್ತೆ ಮೊದಲನೆಯದಕ್ಕೆ ಬರುತ್ತಿತ್ತು. ಬಣ್ಣ ತುಂಬಿದ ಮನೆಗೆ ಬಂದಾಗ ಸ್ವರವೊಂದು ನುಡಿಯುತ್ತಿತ್ತು, ಖಾಲಿ ಮನೆಯಲ್ಲಿ ಮೌನ. ಅದರ ಕೆಳಗೆ ಇನ್ನೊಂದು ಸಾಲು. ಅಲ್ಲಿ ಪ್ರತಿ ಮನೆಯಲ್ಲಿಯೂ ಒಂದೊಂದು ಕಂಬ, ಕೆಲವು ಎತ್ತರ, ಕೆಲವು ಗಿಡ್ಡ.

“ಮೇಲಿನ ಸಾಲು ಯಾವ ಸ್ವರ ಅನ್ನೋದನ್ನ ಹೇಳುತ್ತೆ ಮೇಷ್ಟ್ರೇ. ಕೆಳಗಿನದು ಆ ಸ್ವರ ಹೇಗಿರಬೇಕು ಅನ್ನೋದನ್ನ ಹೇಳುತ್ತೆ” ಎಂದ.

ಅವನ ಈ ಎರಡು ವಾಕ್ಯಗಳಲ್ಲಿ ಸಾವಿರ ವರ್ಷಗಳಿಗೂ ಮಿಗಿಲಾದ ಇತಿಹಾಸವೊಂದು ಅಡಗಿದೆಯೆಂಬುದು ಆಮೇಲೆ ಪುಸ್ತಕಗಳನ್ನು ತಿರುವಿದಾಗ ನನಗೆ ತಿಳಿಯಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ. ಅವನಿಗೆ ನಾನು ಸಲ್ಲಿಸಬೇಕಾದ ಒಂದು ಹಳೆಯ ಬಾಕಿಯೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಅವನು ತೋರಿಸಿದ ಉಪಕರಣಕ್ಕೆ ಸ್ಟೆಪ್ ಸೀಕ್ವೆನ್ಸರ್ ಎಂದು ಹೆಸರು. ಕಾಲವನ್ನು ಸಮನಾದ ಮೆಟ್ಟಿಲುಗಳಾಗಿ ಕತ್ತರಿಸಿ, ಮೆಟ್ಟಿಲಿಗೊಂದು ಆಜ್ಞೆಯನ್ನು ಬರೆದಿಡುವುದು ಅದರ ಕೆಲಸ. ಆಜ್ಞೆ ಎರಡು ಬಗೆಯದಾಗಿರಬಹುದು. ಯಾವ ಸ್ವರ, ಯಾವಾಗ ಎಂಬುದು ಒಂದು. ಅದು ಎಷ್ಟು ಜೋರು, ಎಷ್ಟು ಉದ್ದ, ಎಷ್ಟು ಹರಿತ ಅಥವಾ ಮಂದ ಎಂಬುದು ಇನ್ನೊಂದು. ಈ ಎರಡನೆಯ ಬಗೆಯ ಗುಣಗಳನ್ನು ಈಗಿನವರು ಪ್ಯಾರಾಮೀಟರ್ ಎನ್ನುತ್ತಾರೆ. ಮೊದಲನೆಯದನ್ನು ಯಂತ್ರಕ್ಕೆ ಕಲಿಸುವುದು ಮನುಷ್ಯನಿಗೆ ಬೇಗ ಸಾಧ್ಯವಾಯಿತು. ಎರಡನೆಯದಕ್ಕೆ ಬಹಳ ಕಾಲ ಹಿಡಿಯಿತು.

ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಬನೂ ಮೂಸಾ ಎಂದು ಪ್ರಸಿದ್ಧರಾದ ಮೂವರು ಸಹೋದರರಿದ್ದರು. ತಾನಾಗಿಯೇ ನುಡಿಯುವ ಕೊಳಲಿನ ಯಂತ್ರವೊಂದನ್ನು ಅವರು ವಿವರಿಸಿದ್ದಾರೆ. ನೀರಿನ ಬಲದಿಂದ ತಿರುಗುವ ಒಂದು ಉರುಳೆ, ಅದರ ಮೈಮೇಲೆ ಸಣ್ಣ ಮೊಳೆಗಳು. ಮೊಳೆ ಬಂದಾಗ ಸನ್ನೆಕೋಲು ಎದ್ದು ಕೊಳಲಿನ ರಂಧ್ರ ತೆರೆಯುತ್ತದೆ. ಮುಂದೆ ಯುರೋಪಿನ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಪ್ರಾಂತ್ಯಗಳ ಗಂಟೆಗೋಪುರಗಳಲ್ಲಿ ಇದೇ ಉಪಾಯ ದೊಡ್ಡದಾಗಿ ಬೆಳೆಯಿತು. ಅಲ್ಲಿನ ಭಾರಿ ಉರುಳೆಗಳ ಮೈತುಂಬ ಸಾಲುಸಾಲು ತೂತುಗಳಿರುತ್ತವೆ. ಗೂಟಗಳನ್ನು ಕಿತ್ತು ಬೇರೆ ತೂತುಗಳಿಗೆ ಸಿಕ್ಕಿಸಿದರೆ ಗಂಟೆಗಳು ಬೇರೆ ರಾಗವನ್ನು ನುಡಿಯುತ್ತವೆ. ನನ್ನ ಶಿಷ್ಯ ಪರದೆಯ ಮೇಲೆ ಬೆರಳಿನಿಂದ ಮನೆಗಳಿಗೆ ಬಣ್ಣ ತುಂಬುತ್ತಿದ್ದನಲ್ಲ, ಅದು ಈ ಗೂಟ ಸಿಕ್ಕಿಸುವ ಕೆಲಸವೇ. ಆದರೆ ಗೂಟ ಇದ್ದರೆ ಗಂಟೆ ಬಾರಿಸುತ್ತದೆ, ಇಲ್ಲದಿದ್ದರೆ ಇಲ್ಲ. ಮೆಲ್ಲಗೆ ಬಾರಿಸೆಂದು ಹೇಳುವುದು ಹೇಗೆ?

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಎಡ್ವಿನ್ ವೋಟಿ ರೂಪಿಸಿದ ಪಿಯಾನೋಲಾ ಎಂಬ ಯಂತ್ರ ಮನೆಮನೆಗಳನ್ನು ಹೊಕ್ಕಿತು. ಕಾಗದದ ಸುರುಳಿಯಲ್ಲಿ ಕೊರೆದ ರಂಧ್ರಗಳು ಪಿಯಾನೋದ ಯಾವ ಮಣೆಯನ್ನು ಯಾವಾಗ ಒತ್ತಬೇಕೆಂದು ಹೇಳುತ್ತಿದ್ದವು. ಆದರೆ ವೇಗವನ್ನೂ ಜೋರು ಮೆಲುಪನ್ನೂ ಎದುರಿಗೆ ಕುಳಿತವರು ಕಾಲಿನಿಂದ ತುಳಿಯುತ್ತ, ಸನ್ನೆಗಳನ್ನು ಕೈಯಿಂದ ಸರಿಸುತ್ತ ನಿಭಾಯಿಸಬೇಕಿತ್ತು. ಅಂದರೆ ಸ್ವರ ಯಂತ್ರದ್ದು, ಭಾವ ಮನುಷ್ಯನದು! 1904ರಲ್ಲಿ ಜರ್ಮನಿಯ ಫ್ರೈಬರ್ಗಿನಿಂದ ಬಂದ ವೆಲ್ಟೆ-ಮಿನ್ಯೋನ್ ಎಂಬ ಪಿಯಾನೋ ಈ ಗೆರೆಯನ್ನು ಅಳಿಸಿತು. ಅದರ ಸುರುಳಿಯ ಅಂಚುಗಳಲ್ಲಿ ಸ್ವರಕ್ಕೆ ಸಂಬಂಧಿಸದ ಬೇರೆ ರಂಧ್ರಗಳಿದ್ದವು. ಗಾಳಿಯ ಒತ್ತಡವನ್ನು ಏರಿಸಿ ಇಳಿಸಿ, ಎಷ್ಟು ಬಲವಾಗಿ ನುಡಿಸಬೇಕೆಂದು ಆಜ್ಞೆ ಕೊಡುವುದು ಅವುಗಳ ಕೆಲಸ. ಒಂದೇ ಕಾಗದದಲ್ಲಿ ಎರಡು ಬಗೆಯ ಆಜ್ಞೆ. ಲ್ಯಾಪ್‌ಟಾಪಿನ ಕೆಳಸಾಲಿನ ಕಂಬಗಳ ಹಿರಿಯರು ಯಾರೆಂದು ಕೇಳಿದರೆ, ಈ ಅಂಚಿನ ರಂಧ್ರಗಳೆಂದು ನಾನು ಹೇಳುತ್ತೇನೆ.

ಅನಂತರ ವಿದ್ಯುತ್ತಿನ ಕಾಲ ಬಂದಿತು. ಆರ್‌ಸಿಎ ಸಂಸ್ಥೆಯ ಹ್ಯಾರಿ ಓಲ್ಸನ್ ಮತ್ತು ಹರ್ಬರ್ಟ್ ಬೆಲಾರ್ ನಿರ್ಮಿಸಿದ ಸಿಂಥೆಸೈಜರಿನ ಎರಡನೆಯ ಆವೃತ್ತಿ 1957ರಲ್ಲಿ ಸಿದ್ಧವಾಗಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನೆಲೆಸಿತು. ಕೋಣೆಯ ಗೋಡೆಯಷ್ಟು ಅಗಲದ ಯಂತ್ರ. ಸ್ವರದ ಎತ್ತರ, ಅದರ ಬಣ್ಣ, ಹುಟ್ಟಿ ಅಡಗುವ ಬಗೆ, ಗಾತ್ರ, ಇವುಗಳಲ್ಲಿ ಒಂದೊಂದನ್ನೂ ಕಾಗದದ ಸುರುಳಿಯಲ್ಲಿ ರಂಧ್ರ ಕೊರೆದು ಹೇಳಬೇಕು. ಸಂಯೋಜಕ ಮಿಲ್ಟನ್ ಬ್ಯಾಬಿಟ್ ಇದನ್ನು ಬಹಳ ಪ್ರೀತಿಯಿಂದ ಬಳಸಿದರು. ಯಾವ ವಾದಕನ ಬೆರಳಿಗೂ ಎಟುಕದ ಕರಾರುವಾಕ್ಕು ಅವರಿಗೆ ಬೇಕಾಗಿತ್ತು.

ಆದರೆ ಅಂಥ ಯಂತ್ರ ಎಷ್ಟು ಮಂದಿಯ ಕೈಗೆ ಸಿಕ್ಕೀತು? ಉಳಿದವರು ಟೇಪಿನ ಮೇಲೆ ಧ್ವನಿಗಳನ್ನು ಮುದ್ರಿಸಿ, ಬ್ಲೇಡಿನಿಂದ ತುಂಡು ಮಾಡಿ, ತುಂಡುಗಳನ್ನು ಅಂಟಿಸಿ ಸಂಗೀತ ಕಟ್ಟುತ್ತಿದ್ದರು. ಕೆಲವು ಕ್ಷಣಗಳ ಸಂಗೀತಕ್ಕೆ ದಿನಗಟ್ಟಲೆ ದುಡಿಮೆ. ಈ ದುಡಿಮೆಯಿಂದ ಬೇಸತ್ತವರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಟೇಪ್ ಮ್ಯೂಸಿಕ್ ಸೆಂಟರಿನ ಮಾರ್ಟನ್ ಸುಬೋಟ್ನಿಕ್ ಮತ್ತು ರಾಮೋನ್ ಸೆಂಡರ್ ಇದ್ದರು. 1960ರ ದಶಕದ ನಡುವಿನಲ್ಲಿ ಅವರಿಗಾಗಿ ಡಾನ್ ಬುಕ್ಲಾ ಎಂಬ ತಂತ್ರಜ್ಞರು ಒಂದು ಪೆಟ್ಟಿಗೆಯನ್ನು ಮಾಡಿಕೊಟ್ಟರು. ಅದರಲ್ಲಿ 8 ಮೆಟ್ಟಿಲುಗಳು, ಮೆಟ್ಟಿಲಿಗೆ ಮೂರು ತಿರುಗುಗುಂಡಿಗಳು. ಅದೇ ಕಾಲದಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ರಾಬರ್ಟ್ ಮೂಗ್ ಬೇರೆಯದೇ ಹಾದಿಯಲ್ಲಿ ಸಿಂಥೆಸೈಜರುಗಳನ್ನು ನಿರ್ಮಿಸುತ್ತಿದ್ದರು. ಅವರ 960 ಎಂಬ ಸೀಕ್ವೆನ್ಸರಿನಲ್ಲಿಯೂ 8 ಮೆಟ್ಟಿಲು, 3 ಸಾಲು, ಒಟ್ಟು 24 ಗುಂಡಿಗಳು.

ಈ ಪೆಟ್ಟಿಗೆಗಳ ಮರ್ಮವೇನೆಂದರೆ, ಅವು ಸ್ವರವನ್ನು ಹೊರಡಿಸುವುದೇ ಇಲ್ಲ. ಒಂದೊಂದು ಮೆಟ್ಟಿಲಿಗೆ ಬಂದಾಗ ಗುಂಡಿಯಲ್ಲಿ ನಿಗದಿಯಾದಷ್ಟು ವೋಲ್ಟೇಜನ್ನು ತಂತಿಯ ಮೂಲಕ ಹೊರಗೆ ಕಳುಹಿಸುತ್ತವೆ, ಅಷ್ಟೆ. ಆ ತಂತಿಯನ್ನು ನಾದ ಹುಟ್ಟಿಸುವ ಘಟಕಕ್ಕೆ ಸಿಕ್ಕಿಸಿದರೆ ವೋಲ್ಟೇಜು ಸ್ವರದ ಎತ್ತರವಾಗುತ್ತದೆ. ಧ್ವನಿಯ ಗಾತ್ರವನ್ನು ನಿಯಂತ್ರಿಸುವ ಘಟಕಕ್ಕೆ ಸಿಕ್ಕಿಸಿದರೆ ಜೋರು ಮೆಲುಪಾಗುತ್ತದೆ. ಫಿಲ್ಟರಿಗೆ ಸಿಕ್ಕಿಸಿದರೆ ನಾದದ ಬಣ್ಣವಾಗುತ್ತದೆ. ಪಕ್ಕದ ಮನೆಯ ರೇಡಿಯೋ ಹಾಡುತ್ತಿರುವಾಗ ಅವರು ಕಿಟಕಿ ಮುಚ್ಚಿದರೆ ಹಾಡು ಹೇಗೆ ಮಂದವಾಗಿ, ಬರಿಯ ಗುಂಯ್‌ಗುಡುವಿಕೆಯಾಗಿ ಕೇಳುತ್ತದೆಯೋ, ಫಿಲ್ಟರ್ ಮುಚ್ಚಿದಾಗ ನಾದ ಹಾಗಾಗುತ್ತದೆ, ತೆರೆದಾಗ ಹರಿತವಾಗುತ್ತದೆ. ವೋಲ್ಟೇಜಿಗೆ ತಾನು ಏನನ್ನು ಆಳುತ್ತಿದ್ದೇನೆಂಬ ಅರಿವಿಲ್ಲ. 5 ಎಂಬ ಸಂಖ್ಯೆ 5 ಮಾವಿನಹಣ್ಣನ್ನೂ ಸೂಚಿಸುತ್ತದೆ, 5 ಮೈಲಿಯನ್ನೂ ಸೂಚಿಸುತ್ತದೆ ಎಂದು ಮೂವತ್ತು ವರ್ಷ ಪಾಠ ಹೇಳಿದ ನನಗೆ ಈ ಮಾತು ಬಹಳ ಹಿಡಿಸಿತು. ಸ್ವರಕ್ಕೊಂದು ದಾರಿ, ಭಾವಕ್ಕೊಂದು ದಾರಿ ಎಂದು ಸಾವಿರ ವರ್ಷ ಬೇರೆಯಾಗಿದ್ದವು ಇಲ್ಲಿ ಒಂದೇ ಬಗೆಯ ಅಂಕಿಗಳಾದವು.

ಭಾರತವೂ ಈ ಕಥೆಯ ಹೊರಗಿರಲಿಲ್ಲ. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥೆಸೈಜರ್ ಇರುವ ಒಂದು ಸ್ಟುಡಿಯೋವನ್ನು ಸ್ಥಾಪಿಸಲು ನೆರವಾದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮೊದಲಾದವರು ಅಲ್ಲಿ ಪ್ರಯೋಗಗಳನ್ನು ನಡೆಸಿದರು. ಕೆಲವೇ ವರ್ಷಗಳಲ್ಲಿ ಆ ಕೆಲಸ ನಿಂತಿತು. ಆ ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ಉಳಿದುಕೊಂಡು, 2023ರಲ್ಲಿ ಜಗತ್ತಿಗೆ ಕೇಳುವಂತೆ ಪ್ರಕಟವಾದವು.

ಪಶ್ಚಿಮದಲ್ಲಿ ಸೀಕ್ವೆನ್ಸರು ಪ್ರಯೋಗಶಾಲೆಯಿಂದ ಬೀದಿಗಿಳಿದದ್ದು 1970ರ ದಶಕದಲ್ಲಿ. ಜರ್ಮನಿಯ ಟ್ಯಾಂಜರೀನ್ ಡ್ರೀಮ್ ತಂಡದ ‘ಫೀಡ್ರಾ’ 1974ರಲ್ಲಿ ಬಂದಿತು. 1977ರಲ್ಲಿ ಮ್ಯೂನಿಕ್ಕಿನಲ್ಲಿ ಜಾರ್ಜಿಯೋ ಮೊರೊಡರ್ ಮತ್ತು ಪೀಟ್ ಬೆಲಟ್ ಅವರು ಡಾನಾ ಸಮ್ಮರ್ ಅವರಿಂದ ಹಾಡಿಸಿದ ‘ಐ ಫೀಲ್ ಲವ್’ ಹೊರಬಂದಿತು. ಆ ಹಾಡಿನ ಮಂದ್ರದ ಓಟವೆಲ್ಲ ಮೂಗ್ ಸೀಕ್ವೆನ್ಸರಿನದು. ವಿನೋದವೆಂದರೆ ಅದರಲ್ಲಿ ದೊಡ್ಡ ಡ್ರಮ್ಮಿನ ಹೊಡೆತವನ್ನು ಮಾತ್ರ ಕೀತ್ ಫೋರ್ಸಿ ಎಂಬ ವಾದಕರು ಕೂತು ನುಡಿಸಿದ್ದಾರೆ. ಯಂತ್ರದ ಜೊತೆಗೆ ಮನುಷ್ಯ ತಾಳ ಹಿಡಿದದ್ದು!

ಅದೇ 1977ರಲ್ಲಿ ಜಪಾನಿನ ರೋಲ್ಯಾಂಡ್ ಸಂಸ್ಥೆ ಎಂಸಿ-8 ಎಂಬ ಯಂತ್ರವನ್ನು ತಂದಿತು. ಅದರಲ್ಲಿ ತಿರುಗುಗುಂಡಿಗಳ ಬದಲು ಅಂಕಿಗಳನ್ನೇ ಒತ್ತಿ ಸಂಗೀತವನ್ನು ಬರೆಯಬೇಕು. 1980ರಲ್ಲಿ ಬಂದ ಅವರ ಟಿಆರ್-808 ಎಂಬ ತಾಳಯಂತ್ರದ ಮುಖದಲ್ಲಿ 16 ಬಣ್ಣದ ಗುಂಡಿಗಳಿದ್ದವು. ನನ್ನ ಶಿಷ್ಯನ 16 ಮನೆಗಳು ಆ ಪರಂಪರೆಯವು. ಅದರ ಬಳಿಕ ಬಂದದ್ದು ಟಿಬಿ-303. ಇದರಲ್ಲಿ ಪ್ರತಿ ಮೆಟ್ಟಿಲಿಗೂ ಸ್ವರದ ಜೊತೆಗೆ ಇನ್ನೆರಡು ಆಜ್ಞೆಗಳನ್ನು ಬರೆಯಬಹುದಿತ್ತು: ಈ ಸ್ವರಕ್ಕೆ ಒತ್ತು ಕೊಡು, ಈ ಸ್ವರದಿಂದ ಮುಂದಿನದಕ್ಕೆ ಜಾರು. ಫಿಲ್ಟರಿನ ಗುಂಡಿ ಮಾತ್ರ ಮನುಷ್ಯನ ಕೈಗೇ ಉಳಿಯಿತು. ಮಾರುಕಟ್ಟೆಯಲ್ಲಿ ಅದು ಸೋತು, 1984ರಲ್ಲಿ ತಯಾರಿಕೆ ನಿಂತಿತು. ಅಗ್ಗಕ್ಕೆ ಸಿಕ್ಕ ಹಳೆಯ ಯಂತ್ರವನ್ನು ಶಿಕಾಗೋದ ಫ್ಯೂಚರ್ ಎಂಬ ತಂಡದ ತರುಣರು ಹಿಡಿದು, ಮೆಟ್ಟಿಲುಗಳು ತಮ್ಮ ಪಾಡಿಗೆ ಓಡುತ್ತಿರುವಾಗ ಫಿಲ್ಟರಿನ ಗುಂಡಿಯನ್ನು ಕೈಯಿಂದ ತಿರುಗಿಸುತ್ತ ಹೋದರು. 1987ರ ‘ಆಸಿಡ್ ಟ್ರ್ಯಾಕ್ಸ್’ ಹಾಗೆ ಹುಟ್ಟಿತು. ಸ್ವರಗಳು ಬದಲಾಗುವುದಿಲ್ಲ, ಬಣ್ಣ ಮಾತ್ರ ಬದಲಾಗುತ್ತ ಹೋಗುತ್ತದೆ. ಅದೇ ಆ ಸಂಗೀತದ ಕಥೆ.

ಈ ನಡುವೆ, 1983ರಲ್ಲಿ, ಬೇರೆ ಬೇರೆ ಸಂಸ್ಥೆಗಳ ವಾದ್ಯಗಳು ಪರಸ್ಪರ ಮಾತಾಡುವಂತೆ ಮಿಡಿ ಎಂಬ ಸಾಮಾನ್ಯ ಭಾಷೆ ಬಂದಿತು. ಡೇವ್ ಸ್ಮಿತ್ ಮತ್ತು ಇಕುಟಾರೊ ಕಾಕೆಹಾಶಿ ಅದರ ಮುಖ್ಯ ರೂವಾರಿಗಳು. ಇದರಲ್ಲಿ ಸ್ವರಕ್ಕೆ ಒಂದು ಜಾತಿಯ ಸಂದೇಶ, ಗುಂಡಿಗಳ ಚಲನೆಗೆ ಇನ್ನೊಂದು ಜಾತಿಯ ಸಂದೇಶ. ಗುಂಡಿ ಎಷ್ಟು ತಿರುಗಿದೆ ಎಂಬುದಕ್ಕೆ ಸಾಮಾನ್ಯವಾಗಿ 0ಯಿಂದ 127ರವರೆಗೆ 128 ಅಂತಸ್ತುಗಳು. ಬುಕ್ಲಾ, ಮೂಗ್ ಒಂದಾಗಿಸಿದ್ದನ್ನು ಮಿಡಿ ಮತ್ತೆ ಎರಡು ಹಾಳೆಗಳಲ್ಲಿ ಬರೆಯಿತೆನ್ನಬಹುದು. ಕಂಪ್ಯೂಟರಿನ ಸಂಗೀತ ತಂತ್ರಾಂಶಗಳು ಈ ಎರಡನೆಯ ಹಾಳೆಯನ್ನು ಹಾಡಿನ ಉದ್ದಕ್ಕೂ ಎಳೆದ ಒಂದು ಗೆರೆಯಾಗಿಸಿದವು. ಇಲ್ಲಿ ಏರಲಿ, ಅಲ್ಲಿ ಇಳಿಯಲಿ ಎಂದು ಮೌಸಿನಿಂದ ಗೆರೆ ಬರೆಯುವುದು. ಇದಕ್ಕೆ ಆಟೊಮೇಷನ್ ಎಂದು ಹೆಸರು.

ಗೆರೆಯ ಜೊತೆಗೆ ಮನೆಗಳೂ ಉಳಿದವು. 1997ರಲ್ಲಿ ಬೆಲ್ಜಿಯಂನ ಡಿಡಿಯೇ ಡಾಂಬ್ರಿನ್ ಬರೆದ ಫ್ರೂಟಿಲೂಪ್ಸ್ ಎಂಬ ತಂತ್ರಾಂಶ ಮನೆಗಳ ಸಾಲಿನಿಂದಲೇ ಆರಂಭವಾಗಿ, 2003ರಲ್ಲಿ ಎಫ್‌ಎಲ್ ಸ್ಟುಡಿಯೋ ಎಂಬ ಹೆಸರು ಪಡೆಯಿತು. ಸ್ವೀಡನ್ನಿನ ಎಲೆಕ್ಟ್ರಾನ್ ಸಂಸ್ಥೆಯ ಮಷೀನ್‌ಡ್ರಮ್ 2001ರಲ್ಲಿ ಬಂದಿತು; ಅದರಲ್ಲಿ ಒಂದು ಮೆಟ್ಟಿಲನ್ನು ಒತ್ತಿ ಹಿಡಿದು ಯಾವ ಗುಂಡಿಯನ್ನು ತಿರುಗಿಸಿದರೂ ಆ ಅಳತೆ ಆ ಮೆಟ್ಟಿಲಿಗೆ ಮಾತ್ರ ಬೀಗ ಹಾಕಿದಂತೆ ಕೂತುಬಿಡುತ್ತದೆ. 2007ರಲ್ಲಿ ರೀಸನ್ ತಂತ್ರಾಂಶದೊಳಗೆ ಬಂದ ಥಾರ್ ಎಂಬ ಸಿಂಥೆಸೈಜರಿನ ಸೀಕ್ವೆನ್ಸರಿನಲ್ಲಿ ಸ್ವರ, ಒತ್ತು, ಸ್ವರದ ಉದ್ದ, ಮೆಟ್ಟಿಲಿನ ಉದ್ದ ಇವಲ್ಲದೆ, ಬೇಕಾದುದನ್ನು ಆಳಲು ಬಿಟ್ಟ ಎರಡು ಖಾಲಿ ಸಾಲುಗಳೂ ಇದ್ದವು. ಮೂರು ಸಾಲಿನ ಹಳೆಯ ಪೆಟ್ಟಿಗೆಯ ವಿಚಾರ ತಂತ್ರಾಂಶವಾಗಿ ಮರಳಿ ಬಂದಿತ್ತು.

ಇಲ್ಲೊಂದು ಆಕ್ಷೇಪವನ್ನು ನೀವು ಎತ್ತಬಹುದು. ನಾನೂ ಅಂದು ಜಗಲಿಯಲ್ಲಿ ಎತ್ತಿದೆ. ಮೆಟ್ಟಿಲು ಎಂದಮೇಲೆ ಹಾರಬೇಕು, ಜಾರಲಾಗದು. ನಮ್ಮ ಸಂಗೀತದ ಜೀವವಿರುವುದು ಗಮಕದಲ್ಲಿ. ಸ್ವರದಿಂದ ಸ್ವರಕ್ಕೆ ಜಾರಲು ಬಾರದೆಂಬುದು ಹಾರ್ಮೋನಿಯಂ ಮೇಲಿದ್ದ ದೊಡ್ಡ ದೂರುಗಳಲ್ಲೊಂದು. 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತ್ತು, 1971ರಲ್ಲಿಯಷ್ಟೇ ಆ ಕಟ್ಟು ಭಾಗಶಃ ಸಡಿಲವಾಯಿತು. ಹಾಗಿರುವಾಗ ಈ ಮನೆಗಳ ಸಾಲಿಗೆ ರಾಗದ ಹಂಗೇನು?

ಶಿಷ್ಯ ವಾದಿಸಲಿಲ್ಲ. ಒಂದು ಧ್ವನಿಮುದ್ರಣವನ್ನು ಕೇಳಿಸಿದ. ಮುಂಬಯಿಯ ಚಲನಚಿತ್ರ ವಾದ್ಯವೃಂದಗಳಲ್ಲಿ ದುಡಿದ ಚರಣ್‌ಜಿತ್ ಸಿಂಗ್ 1982ರಲ್ಲಿ ‘ಸಿಂಥೆಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಎಂಬ ಎಲ್‌ಪಿ ಹೊರತಂದರು. ಆಗ ಹೊಸದಾಗಿದ್ದ 808, 303 ಮತ್ತು ಜುಪಿಟರ್-8 ಸಿಂಥೆಸೈಜರ್ ಅವರ ವಾದ್ಯಗಳು. ಒತ್ತು ಮತ್ತು ಜಾರುಗಳಿರುವ 303ರ ಮೆಟ್ಟಿಲುಗಳ ಮೇಲೆ ಅವರು ರಾಗಗಳನ್ನು ನಡೆಸಿದರು. ಶಿಕಾಗೋದ ಆ ತರುಣರಿಗಿಂತ ಐದು ವರ್ಷ ಮೊದಲು! ಅಂದು ಯಾರೂ ಹೆಚ್ಚಾಗಿ ಕೊಳ್ಳಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಲೋಕ ಬೆರಗಾಯಿತು. 2015ರಲ್ಲಿ ಅವರು ತೀರಿಕೊಂಡರು. ಅದರಲ್ಲಿ ಭೈರವಿಯ ಗಮಕವೆಲ್ಲ ಇದೆಯೆಂದು ನಾನು ಹೇಳಲಾರೆ, ಇಲ್ಲ. ಆದರೆ ಮೆಟ್ಟಿಲಿಗೂ ಜಾರುವ ಗುಣವನ್ನು ಕೊಡಬಹುದೆಂಬುದನ್ನು ಅಲ್ಲಿ ಕಿವಿಯಾರೆ ಕೇಳಬಹುದು.

ಇನ್ನು ಹಳೆಯ ಬಾಕಿಯ ಮಾತು.

ಸಂಗೀತ ಕೇಳಿಸಿ ಮುಗಿಸಿದ ಮೇಲೆ ಅವನು ಮೇಲಿನ ಸಾಲನ್ನು 16 ಮನೆಗಳಾಗಿಯೇ ಉಳಿಸಿ, ಫಿಲ್ಟರಿನ ಸಾಲನ್ನು 7 ಮನೆಗಳಿಗೆ ಇಳಿಸಿದ. ಎರಡೂ ಒಟ್ಟಿಗೆ ಹೊರಟವು. ಎರಡನೆಯ ಸುತ್ತಿಗೆ ಅದೇ ಸ್ವರಗಳು ಬೇರೆ ಬಣ್ಣಗಳಲ್ಲಿ ಬಂದವು, ಮೂರನೆಯ ಸುತ್ತಿಗೆ ಇನ್ನೂ ಬೇರೆ. “ಎರಡೂ ಮತ್ತೆ ಮೊದಲನೇ ಮನೇಲಿ ಯಾವಾಗ ಸೇರುತ್ತವೆ ಹೇಳಿ ಮೇಷ್ಟ್ರೇ” ಎಂದು ಕೇಳಿದ.

ಲಘುತಮ ಸಾಮಾನ್ಯ ಅಪವರ್ತ್ಯ! ನೀವೆಲ್ಲ ಹಲಗೆಯ ಮೇಲೆ ನನ್ನಿಂದ ಕಲಿತ ಲ.ಸಾ.ಅ. 16 ಮತ್ತು 7ಕ್ಕೆ ಸಾಮಾನ್ಯ ಅಪವರ್ತನವಿಲ್ಲ. ಆದುದರಿಂದ 112 ಮೆಟ್ಟಿಲುಗಳ ಬಳಿಕ. ಮನಸ್ಸಿನಲ್ಲಿ ಗುಣಿಸಿ ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಎರಡು ಸಾಲುಗಳೂ ಕೂಡಿದ ಕ್ಷಣಕ್ಕೆ ಸರಿಯಾಗಿ ಅಂಗೈ ತೊಡೆಗೆ ಬಿದ್ದಿತು. ಅವನು ಎಣಿಸುತ್ತಿರಲಿಲ್ಲ. ಆದಿತಾಳದ 8 ಅಕ್ಷರಗಳ ಮೇಲೆ 7ರ ಲೆಕ್ಕದ ಜತಿಗಳನ್ನು ಹೆಣೆದು ಸಮಕ್ಕೆ ತಂದು ನಿಲ್ಲಿಸುವ ಮೃದಂಗದವರ ಮಕ್ಕಳಿಗೆ ಅದು ಎಣಿಕೆಯ ವಿಷಯವೇ ಅಲ್ಲ.

ಆ ಕೈಯನ್ನು ನಾನು ಬಲ್ಲೆ. ಎಂಟನೆಯ ತರಗತಿಯಲ್ಲಿ ನಾನು ಲ.ಸಾ.ಅ. ಪಾಠ ಮಾಡುತ್ತಿದ್ದಾಗ ಡೆಸ್ಕಿನ ಮೇಲೆ ತಾಳ ಬಡಿಯುತ್ತಿದ್ದ ಕೈ ಅದು. ಅವನನ್ನು ಹೊರಗೆ ನಿಲ್ಲಿಸಿದ್ದೆ, ಒಂದು ದಿನವಲ್ಲ, ಹಲವು ದಿನ. ಅವನ ತಂದೆಯವರು ಬಂದಾಗ, “ನಿಮ್ಮ ಹುಡುಗನಿಗೆ ಬೆರಳು ಓಡುತ್ತದೆ, ತಲೆ ಓಡುವುದಿಲ್ಲ, ಗಣಿತ ಇವನಿಗೆ ಹತ್ತದು” ಎಂದು ಅವನ ಎದುರಿಗೇ ಹೇಳಿದ್ದೆ. ಅವರು ಏನೂ ಮಾತಾಡದೆ ಅವನ ಕೈ ಹಿಡಿದು ಕರೆದುಕೊಂಡು ಹೋದರು. ಅಂದು ಅವನ ಬೆರಳುಗಳು ಮಾಡುತ್ತಿದ್ದುದು ನನ್ನ ಪಾಠವನ್ನೇ ಎಂಬುದು ನನಗೆ ತಿಳಿಯಲಿಲ್ಲ. ನನಗೆ ಗೊತ್ತಿದ್ದುದು ಒಂದೇ ಸಾಲು. ಕೆಳಗಿನ ಸಾಲಿನ ಕಂಬಗಳು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಜಗಲಿಯಲ್ಲಿ ಅವನಿಗೆ ಇದನ್ನು ಹೇಳಬೇಕೆಂದುಕೊಂಡೆ. “ಆವತ್ತು ನಾನು ನಿನ್ನನ್ನು ಹೊರಗೆ ನಿಲ್ಲಿಸುತ್ತಿದ್ದೆನಲ್ಲಪ್ಪ” ಎಂದಷ್ಟೇ ಬಂತು. ಅವನು ನಕ್ಕು, “ಹೊರಗೆ ನಿಂತಾಗ ಕಂಬಕ್ಕೆ ಬಡೀತಿದ್ದೆ ಮೇಷ್ಟ್ರೇ, ಅದರ ನಾದ ಡೆಸ್ಕಿಗಿಂತ ಚೆನ್ನಾಗಿತ್ತು” ಎಂದ. ತಪ್ಪಾಯಿತೆಂಬ ಮಾತು ಅಂದು ನನ್ನ ಬಾಯಿಂದ ಹೊರಡಲಿಲ್ಲ. ಅದಕ್ಕಾಗಿಯೇ, ಅವನ ಸಹಪಾಠಿಗಳೂ ಓದುವ ಈ ಜಾಗದಲ್ಲಿ ಬರೆಯುತ್ತಿದ್ದೇನೆ: ತಪ್ಪು ನನ್ನದು.

ಅವನು ಹೋದ ಮೇಲೆ ಕಾಗದ ಪೆನ್ಸಿಲು ಹಿಡಿದು ಕುಳಿತೆ. ಸ್ವರಕ್ಕೆ 16 ಮನೆ, ಫಿಲ್ಟರಿಗೆ 7, ಗಾತ್ರಕ್ಕೆ 5, ಸ್ವರದ ಉದ್ದಕ್ಕೆ 9 ಇಟ್ಟರೆ ಬರೆಯಬೇಕಾದ ಅಂಕಿಗಳು ಕೇವಲ 37. ಲ.ಸಾ.ಅ. 5040. ನಿಮಿಷಕ್ಕೆ 120 ಎಣಿಕೆಯ ಕಾಲಪ್ರಮಾಣದಲ್ಲಿ, ಒಂದು ಎಣಿಕೆಗೆ ನಾಲ್ಕು ಮೆಟ್ಟಿಲುಗಳಂತೆ, ನಾಲ್ಕು ಸಾಲುಗಳೂ ಮತ್ತೆ ಒಟ್ಟಿಗೆ ಮೊದಲ ಮನೆಗೆ ಬರಲು ಹತ್ತೂವರೆ ನಿಮಿಷ ಬೇಕು. ಎರಡು ಸಲ ತಾಳೆ ನೋಡಿದ್ದೇನೆ. ಆದರೂ ನಿಮ್ಮಲ್ಲಿ ಯಾರಿಗಾದರೂ ಬೇರೆ ಉತ್ತರ ಬಂದರೆ ಬರೆದು ತಿಳಿಸಿ. ಡೆಸ್ಕಿನ ಮೇಲೆ ಬಡಿದು ನೋಡಿದರೂ ಅಡ್ಡಿಯಿಲ್ಲ.